ತಿಮಿಂಗಿಲಕ್ಕೆ ಹೇಳಿದ ಸುದ್ದಿ

ಲಿನ್‌ವುಡ್, ಶನಿವಾರ

ಪ್ರೀತಿಯ ಚಿಗವ್ವನಿಗೆ ಶಿವಲೀಲಾಳ ನಮಸ್ಕಾರ. ನನ್ನ ಕೆಮ್ಮು ವಾಸಿಯಾಗಿದೆ. ನೀನು ಬಿಪಿ ಗುಳಿಗೆ ತಪ್ಪಿಸಬೇಡ.

ಇಂದು ಪಕ್ಕದ ಮನೆಯ ಸಿಗ್ರಿಡ್ ಅಜ್ಜಿಯನ್ನು ಹತ್ತಿರದ ಊರು ಬೆಲ್‌ವ್ಯೂಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಪುಟ್ಟ ಕೊಲ್ಲಿಯಲ್ಲಿ ಹಿಂದೆ ತಿಮಿಂಗಿಲ ಬೇಟೆಯ ಹಡಗುಗಳು ಚಳಿಗಾಲ ಕಳೆಯುತ್ತಿದ್ದವಂತೆ. ಸಿಗ್ರಿಡ್ ಅವರ ಅಜ್ಜಿ ನಾರ್ವೆಯಿಂದ ಮದುವೆಯಾಗಿ ಬಂದವಳು. ಆ ಹಡಗುಗಳಲ್ಲಿ ದುಡಿಯುತ್ತಿದ್ದ ಗಂಡ ಅವಳನ್ನು ಅಲಾಸ್ಕಾದ ಒಂದು ದೂರದ ಕೊಲ್ಲಿಗೆ ಕರೆದೊಯ್ದ. ಬೇಟೆಗಾರರ ಆ ಬಿಡಾರದಲ್ಲಿ ಅವಳೊಬ್ಬಳೇ ಹೆಂಗಸು. ಗಂಡಸರೆಲ್ಲ ಸಮುದ್ರಕ್ಕೆ ಹೋಗಿದ್ದಾಗ, ಊರಿನಲ್ಲಿ ಅವಳ ತಾಯಿ ತೀರಿಹೋದ ಸುದ್ದಿ ಟಪಾಲು ಹಡಗಿನಲ್ಲಿ ಬಂತು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ದಡಕ್ಕೆ ಎಳೆದು ಹಾಕಿದ್ದ ಸತ್ತ ತಿಮಿಂಗಿಲದ ಕಣ್ಣಿನೆದುರು ನಿಂತು, ತನ್ನ ಭಾಷೆಯಲ್ಲಿ ಎಲ್ಲವನ್ನೂ ಹೇಳಿದಳಂತೆ.

“ನಿನ್ನ ತಾಯಿ ಹೋದಾಗ ನೀನು ಯಾರಿಗೆ ಹೇಳ್ಕೊಂಡೆ?” ಎಂದು ಸಿಗ್ರಿಡ್ ಕೇಳಿದರು. ವೀಸಾದ ತೊಡಕಿನಿಂದ ಅವ್ವನ ಮಣ್ಣಿಗೂ ಬರಲಾಗಲಿಲ್ಲವಲ್ಲ; ಆಫೀಸಿನಲ್ಲಿ ಎಲ್ಲರೂ ‘ಸಾರಿ’ ಎಂದರು, ಅಷ್ಟೇ ಎಂದೆ.

“ನನಗೆ ಹೇಳು. ಇಂಗ್ಲಿಷ್ ಬೇಡ, ನಿನ್ನ ಭಾಷೆಯಲ್ಲೇ ಹೇಳು,” ಎಂದರು ಸಿಗ್ರಿಡ್.

ನೀರಿನೆದುರಿನ ಬೆಂಚಿನ ಮೇಲೆ ಕುಳಿತು ಶುರುಮಾಡಿದೆ. “ಅವ್ವ ಫೋನ್ ಮಾಡಿದಾಗೆಲ್ಲ ಮೊದ್ಲ ‘ಉಂಡೇನವ್ವಾ’ ಅಂತಿದ್ಳು. ಈಗ ಹಂಗ ಕೇಳೋರು ಯಾರೂ ಇಲ್ರೀ.” ಆಮೇಲೆ ಮಾತು ನಿಲ್ಲಲೇ ಇಲ್ಲ. ಅವರು ನನ್ನ ಕೈ ಬಿಡದೆ, ಒಂದಕ್ಷರ ತಿಳಿಯದಿದ್ದರೂ, ಕೊನೆಯವರೆಗೆ ಕೇಳಿದರು. ಬಳಿಕ ಮೆಲ್ಲಗೆ, “ಅವ್ವ ಅಂದ್ರೆ ತಾಯಿನಾ?” ಎಂದರು.

ಹೋದ ತಿಂಗಳು ಅವ್ವ ತೀರಿದಾಗಲೂ ಬಾರದ ಅಳು ಆಗ ಬಂತು, ಚಿಗವ್ವ. ಈ ಅಂಚೆ ಕಾರ್ಡು ತುಂಬಿತು, ಇಲ್ಲಿಗೇ ನಿಲ್ಲಿಸುತ್ತೇನೆ.

ನಿನ್ನ ಲೀಲಾ