ಮೋಟರ್‌ಹೋಮಿನ ಟ್ಯಾಂಕ್ ಖಾಲಿ ಮಾಡಿ

ರೀ,

ಅತ್ತೆಯನ್ನು ಕರೆದುಕೊಂಡು ಕ್ಲಿನಿಕ್ಕಿಗೆ ಹೋಗುತ್ತಿದ್ದೇನೆ. ಎದ್ದ ತಕ್ಷಣ ಕಾಫಿಗೆ ತಡಕಾಡಬೇಡಿ. ಮೊದಲು ನಿಮ್ಮ ಆ ಮುದಿ ಮೋಟರ್‌ಹೋಮಿನ, ಆ ಚಕ್ರದ ಮೇಲಿನ ಮನೆಯ, ಟ್ಯಾಂಕ್ ಖಾಲಿ ಮಾಡಿ. ಪೋರ್ಟ್ ಡಿಕ್ಸನ್ ಬೀಚಿನಿಂದ ಹೊತ್ತು ತಂದ ಉಡುಗೊರೆ ಪೋರ್ಚಿನಲ್ಲಿ ಘಮಘಮ ಅನ್ನುತ್ತಿದೆ.

ಟ್ಯಾಂಕ್ ಎಷ್ಟು ತುಂಬಿದೆ ಎಂದು ಹೇಳಬೇಕಾದ ಒಳಗಿನ ದೀಪ ಇನ್ನೂ ‘ಖಾಲಿ’ ಎಂದೇ ತೋರಿಸುತ್ತಿದೆ. ಅದನ್ನು ನಂಬುವವರು ನೀವೊಬ್ಬರೇ.

ಮೊದಲು ಕಕ್ಕಸಿನ ಟ್ಯಾಂಕ್ ಬಿಡಿ, ಆಮೇಲೆ ಸಿಂಕಿನದು. ಆಗ ಆ ಸೋಪಿನ ನೀರೇ ಪೈಪನ್ನು ತೊಳೆಯುತ್ತದೆ. ಹೋದ ಸಲ ಉಲ್ಟಾ ಮಾಡಿದ ಮಹಾನುಭಾವರು ಯಾರೆಂದು ಹೇಳಬೇಕಿಲ್ಲ. ಹಿತ್ತಲಿನ ಮ್ಯಾನ್‌ಹೋಲಿಗೇ ಬಿಡಿ. ಮನೆಮುಂದಿನ ಚರಂಡಿಗೆ ಬಿಟ್ಟರೆ ಪಕ್ಕದ ಮನೆ ಸೆಲ್ವಿ ಅಕ್ಕನಿಗೆ ನೀವೇ ಉತ್ತರ ಕೊಡಿ. ಗ್ಲೌಸ್ ಹಾಕಿಕೊಳ್ಳಿ, ನನ್ನ ಪಾತ್ರೆ ತೊಳೆಯುವ ಗ್ಲೌಸ್ ಅಲ್ಲ.

ಕಕ್ಕಸಿನ ಟ್ಯಾಂಕ್ ತುಂಬಲು ಮೂರು ದಿನ ಬೇಕು ಎಂದಿರಲ್ಲ, ಆ ಲೆಕ್ಕ ಹೇಳಿಕೊಟ್ಟ ಯೂಟ್ಯೂಬಿನ ಆಸ್ಟ್ರೇಲಿಯಾದವನು ಕಾಗದದಲ್ಲಿ ಒರೆಸಿಕೊಳ್ಳುತ್ತಾನೆ. ನಮ್ಮ ಮನೆಯವರು ಚೊಂಬು ಹಿಡಿಯುತ್ತಾರೆ ಎಂಬುದು ಇಂಜಿನಿಯರ್ ಸಾಹೇಬರಿಗೆ ಹೊಳೆಯಲೇ ಇಲ್ಲ. ಮರುದಿನವೇ ಉಕ್ಕಿತು. ಆಗ ಅತ್ತೆಯ ಮುಂದೆಯೇ ಕೂಗಾಡಿದಿರಿ, "ಯಾರು ಇಷ್ಟೊಂದ್ ನೀರು ಸುರಿಯೋದು?"

ಮನೆಗೆ ಬರುವವರೆಗೂ ಅತ್ತೆ ಒಂದು ಲೋಟ ನೀರೂ ಕುಡಿಯಲಿಲ್ಲ. ಈಗ ಉರಿಮೂತ್ರ, ಜ್ವರ. "ಅವನಿಗೆ ಹೇಳ್ಬೇಡ ಕಣೇ, ನೊಂದ್ಕೋತಾನೆ" ಎಂದರು. ಅದಕ್ಕೇ ಹೇಳುತ್ತಿಲ್ಲ, ಬರೆಯುತ್ತಿದ್ದೇನೆ.

ಟ್ಯಾಂಕ್ ತೊಳೆದಾದ ಮೇಲೆ, ಅಲ್ಲಿ ಕಕ್ಕಸಿನ ಬಾಗಿಲಿಗೆ ನೀವು ಅಂಟಿಸಿದ ‘ನೀರು ಮಿತವಾಗಿ ಬಳಸಿ’ ಎಂಬ ಚೀಟಿಯನ್ನು ಕಿತ್ತುಹಾಕಿ. ಅದನ್ನು ಪಾಲಿಸಿದವರು ನಿಮ್ಮಮ್ಮ ಒಬ್ಬರೇ.