ಅಮ್ಮನ ಒಳಗಿನ ಉಂಗುರ

ನವೆಂಬರ್ 14, ಮಂಗಳವಾರ

ಆಸ್ಪತ್ರೆಯಲ್ಲಿ ಅಮ್ಮನ ಉಂಗುರ ಇವತ್ತೂ ಹೊರಗೆ ಬರಲಿಲ್ಲ. ಮನೆಗೊಂದೇ ಮಗು ಅನ್ನೋ ಕಾನೂನಿದ್ದ ಕಾಲದಲ್ಲಿ, ನಾನು ಹುಟ್ಟಿದ ಮೇಲೆ ಇನ್ನೊಂದು ಮಗು ಆಗಬಾರದೆಂದು ಸರ್ಕಾರ ಅವಳ ಗರ್ಭಕೋಶದಲ್ಲಿ ಹಾಕಿಸಿದ್ದ ಸ್ಟೀಲಿನ ಉಂಗುರ. ಮಾಂಸಕ್ಕೆ ಕಚ್ಚಿಕೊಂಡಿದೆ, ಗರ್ಭಕೋಶವನ್ನೇ ತೆಗೆಯಬೇಕು ಅಂದರು ಡಾಕ್ಟರು.

ಮನೆಗೆ ಬಂದರೆ ಬಡಾವಣೆ ಸಮಿತಿಯ ಫಾಂಗ್ ಅತ್ತೆ ಕಾಯುತ್ತಿದ್ದಳು. ಅಂದು ಅಮ್ಮನನ್ನು ಎಳೆದುಕೊಂಡು ಹೋಗಿ ಅದನ್ನು ಹಾಕಿಸಿದವಳು ಇವಳೇ. ಮಗು ಹುಟ್ಟಿದ ಮನೆಯವರು ಹಂಚುವ ಕೆಂಪು ಮೊಟ್ಟೆಯನ್ನು ಈಗ ಮುಂಚಿತವಾಗಿಯೇ ಬುಟ್ಟಿಯಲ್ಲಿ ತಂದಿದ್ದಾಳೆ.

"ಎರಡನೇದು ಯಾವಾಗಮ್ಮಾ? ಈಗ ಮೂರು ಹೆತ್ತರೂ ಯಾರೂ ಕೇಳಲ್ಲ," ಅಂದಳು ನನಗೆ.

"ಅವಳ ಹೊಟ್ಟೆ ಸುದ್ದಿ ಬಿಡು. ನನ್ನ ಹೊಟ್ಟೆಯಲ್ಲಿ ಇಡಿಸಿದ್ದೀಯಲ್ಲ, ಅದನ್ನ ಮೊದಲು ತೆಗೆಸು," ಅಂದಳು ಅಮ್ಮ.

ಫಾಂಗ್ ಅತ್ತೆ ಬುಟ್ಟಿ ಕೆಳಗಿಟ್ಟಳು.

"ನಂದೂ ಒಳಗೇ ಇದೆ ಅಕ್ಕಾ. ತೆಗೆಸ್ಕೊಳ್ಳಿ ಅಂತ ಆದೇಶ ಬರಲೇ ಇಲ್ಲ."