ಗಂಧಕ ಮೊದಲು

ಮಾರ್ಚ್ 3

ಬಂದವಳೇ ಮಷೀನ್ ತೊಳೆದೆ. ಹೊಸ ರಾಸಾಯನಿಕದ ಬಾಟಲಿ, ಹೊಸ ಕೊಳವೆ. ಒಂದೊಂದೇ ಕೊಂಡಿ ಸೇರಿಸಿ ಡಿಎನ್‌ಎ ದಾರ ಕಟ್ಟುವ ಮಷೀನ್. ಪ್ರತಿ ಕೊಂಡಿಯ ಬೆನ್ನೆಲುಬಿನಲ್ಲೂ ಒಂದು ಆಮ್ಲಜನಕದ ಜಾಗದಲ್ಲಿ ಗಂಧಕ ಕೂರಿಸುವುದು ನನ್ನ ಕೆಲಸ. ಕೂತರೆ ರಕ್ತದ ಕಿಣ್ವಗಳು ದಾರವನ್ನು ಸುಲಭಕ್ಕೆ ಕಡಿಯಲಾರವು. ಆದರೂ ಕಡಿದಿವೆ... ಮತ್ತೆ.

ಲ್ಯಾಬಿನ ಮುಖ್ಯಸ್ಥರು, ನಮ್ಮ ಸರ್, ರಿಪೋರ್ಟ್ ನೋಡಿದರು. "ನಿನ್ನ ದಾರದ ಡಿಸೈನೇ ಸರಿಯಿಲ್ಲಮ್ಮ. ತಿಂಗಳ ಕೊನೆಗೆ ಈ ಪ್ರಾಜೆಕ್ಟ್ ಮುಚ್ಚೋಣ. ಮನೆಯವರ ಕಾಯಿಲೆನ ಲ್ಯಾಬಿಗೆ ತರಬಾರದು."

ತಮ್ಮನ ಕಾಲಿನ ಮಾಂಸ ಕರಗುತ್ತಿದೆ. ಅದಕ್ಕೆ ಕಾರಣವಾದ ಜೀನಿನ ಬಾಯಿ ಮುಚ್ಚಿಸುವ ದಾರ ಇದು. ಲ್ಯಾಬಿಗೆ ತರದೆ ಇನ್ನೆಲ್ಲಿಗೆ ಒಯ್ಯಲಿ? ಮುಚ್ಚುವುದಿಲ್ಲ.

ಮಾರ್ಚ್ 6

ಸಿಕ್ಕಿತು. ಯಾವ ಅಣು ಎಲ್ಲಿದೆ ಎಂದು ತೋರಿಸುವ ಎನ್‌ಎಂಆರ್ ಯಂತ್ರಕ್ಕೆ ದಾರವನ್ನು ಹಾಕಿದೆ. ಎಷ್ಟೋ ಕೊಂಡಿಗಳಲ್ಲಿ ಗಂಧಕವೇ ಇಲ್ಲ, ಅದೇ ಹಳೆಯ ಆಮ್ಲಜನಕ. ಕಿಣ್ವ ಬಾಯಿ ಹಾಕುವುದು ಅಲ್ಲೇ.

ಮಷೀನಿನ ಪ್ರೋಗ್ರಾಮ್ ತೆಗೆದು ನೋಡಿದರೆ — ಕೊಂಡಿ ಸೇರಿಸು, ಸೇರದೆ ಉಳಿದ ತುದಿಗಳಿಗೆ ಮುಚ್ಚಳ ಹಾಕು, ಆಮೇಲೆ ಗಂಧಕ. ಮಾಮೂಲಿ ಡಿಎನ್‌ಎಗೆ ಈ ಕ್ರಮ ಸರಿ, ಅಲ್ಲಿ ಬೇಕಿರುವುದೇ ಆಮ್ಲಜನಕ. ನಮಗೆ ಗಂಧಕ ಮುಚ್ಚಳಕ್ಕಿಂತ ಮೊದಲು ಬರಬೇಕು. ಇಲ್ಲದಿದ್ದರೆ ಮುಚ್ಚಳದ ದ್ರವದಲ್ಲೇ ಆಮ್ಲಜನಕ ನುಗ್ಗಿ ಜಾಗ ಹಿಡಿಯುತ್ತದೆ.

ಯಾರೂ ಏಕೆ ನೋಡಲಿಲ್ಲ? ಮಷೀನಿನ ಮೇಲೆ ಸರ್ ಕೈಬರಹದ ಚೀಟಿ: 'ಪ್ರೋಗ್ರಾಮ್ ಮುಟ್ಟಬೇಡಿ.' ಈ ಲ್ಯಾಬಿಗೆ ಸೇರಿದವರಿಗೆಲ್ಲ ಮೊದಲು ಕಲಿಸುವುದು ಅದನ್ನೇ.

ಸರ್ ಬಳಿ ಹೋಗಿ ಹೇಳಿದೆ.

"ಹದಿನೈದು ವರ್ಷದಿಂದ ಇದೇ ಪ್ರೋಗ್ರಾಮ್. ಯಾರೂ ಸತ್ತಿಲ್ಲ."

"ದಾರ ಸಾಯ್ತಿದೆಯಲ್ಲ ಸರ್."

ಮುಖ ಊದಿಸಿಕೊಂಡು ಎದ್ದು ಹೋದರು.

ಮಾರ್ಚ್ 7

ಚೀಟಿ ಕಿತ್ತೆ. ಎಲ್ಲರೆದುರೇ. ಕ್ರಮ ಬದಲಿಸಿದೆ. ಪಕ್ಕದ ಬೆಂಚಿನ ಸೀನಿಯರ್, "ನಿನಗೇನು ತಲೆ ಕೆಟ್ಟಿದೆಯೇನೇ?" ಅಂದಳು. ಕೆಟ್ಟಿದೆ. ಏನೀಗ?

ಮಾರ್ಚ್ 18, ಮಧ್ಯಾಹ್ನ

ದಾರ ಉಳಿದಿದೆ. ಕಿಣ್ವಗಳಿರುವ ರಕ್ತದ ಸೀರಮ್‌ನಲ್ಲಿ ಎರಡು ದಿನ ಇಟ್ಟರೂ ಹೆಚ್ಚುಕಡಿಮೆ ಹಾಗೇ ಇದೆ. ಬಾತ್‌ರೂಮಿಗೆ ಹೋಗಿ ಅತ್ತೆ. ಆಮೇಲೆ ತಮ್ಮನಿಗೆ ಫೋನ್.

"ಹಾಗಾದ್ರೆ ನನಗೆ ಯಾವಾಗ?"

"ಮೊದಲು ಇಲಿಗೆ ಕಣೋ. ನಿನಗೆ ಇನ್ನೂ ವರ್ಷಗಟ್ಟಲೆ ಆಗಬಹುದು."

"ಇಲಿಗೂ ನನಗಿಂತ ಮುಂಚೆ ಟೋಕನ್ ಸಿಕ್ತಾ?"

ಮಾರ್ಚ್ 20

ಸರ್ ನನಗೆ ಕಾಫಿ ತರಿಸಿದರು. ಆಗಲೇ ಅನುಮಾನ ಬಂತು. ಪ್ರಾಜೆಕ್ಟ್ ಮುಂದುವರಿಯುತ್ತದಂತೆ. ಆದರೆ ಮುಂದಿನ ವಾರದ ಸೆಮಿನಾರಿನಲ್ಲಿ 'ಡಿಸೈನ್ ಬದಲಿಸಿದೆವು' ಅನ್ನಬೇಕಂತೆ. ಕ್ರಮದ ಮಾತೆತ್ತಿದರೆ ಅದೇ ಪ್ರೋಗ್ರಾಮಿನ ದಾರಗಳಿಂದ ಬರೆದ ಅವರ ಹಳೆಯ ಪೇಪರುಗಳನ್ನೆಲ್ಲ ಜನ ಕೆದಕುತ್ತಾರೆ.

"ಹೇಳಿದ್ರೆ ಮುಚ್ತೀನಿ. ಆಮೇಲೆ ನಿನ್ನ ತಮ್ಮನಿಗೆ ನೀನೇ ಉತ್ತರ ಹೇಳ್ಕೋ."

ಎಂಥಾ ಮನುಷ್ಯ. 'ಈ ಡಿಸೈನ್ ಕೆಲಸ ಮಾಡದು' ಅನ್ನುವ ಆ ಪೇಪರುಗಳನ್ನು ನಂಬಿ ಎಷ್ಟು ಜನ ಒಳ್ಳೆಯ ದಾರಗಳನ್ನು ಕಸಕ್ಕೆ ಹಾಕಿದ್ದಾರೋ.

ಸಂಜೆ ತಮ್ಮನಿಗೆ ಎಲ್ಲ ಹೇಳಿದೆ.

"ಸುಳ್ಳು ಹೇಳೋದಾದ್ರೆ ನಿನಗೋಸ್ಕರ ಹೇಳಕ್ಕಾ. ನನ್ನ ಕಾಲಿನ ನೆಪ ಮಾಡ್ಬೇಡ."

ಮಾರ್ಚ್ 27, ಬೆಳಿಗ್ಗೆ ಹನ್ನೊಂದು

ಸೆಮಿನಾರ್ ಹಾಲ್. ಎರಡನೇ ಸಾಲು. ಸರ್ ಮೈಕ್ ಹಿಡಿದು ಹೊಗಳುತ್ತಿದ್ದಾರೆ — 'ನಮ್ಮ ಹುಡುಗಿ', 'ಹೊಸ ಡಿಸೈನ್'. ಡಿಸೈನ್ ಒಂದಕ್ಷರ ಬದಲಾಗಿಲ್ಲ. ಹಳೆಯದು, ಹೊಸದು ಎರಡೂ ಕ್ರಮಗಳನ್ನು ಮೊದಲ ಸ್ಲೈಡಿನಲ್ಲೇ ಅಕ್ಕಪಕ್ಕ ಇಟ್ಟಿದ್ದೇನೆ. ಪ್ರಾಜೆಕ್ಟ್ ಮುಚ್ಚಿದರೆ ಮುಚ್ಚಲಿ, ಬೇರೆ ಮಷೀನ್ ಹುಡುಕುತ್ತೇನೆ. ಸಿಗದಿದ್ದರೆ... ತಮ್ಮನಿಗೆ ಅದನ್ನೂ ಹೇಳಿದ್ದೇನೆ. ಗೊತ್ತು ಅಂದ.

ಕರೆದರು. ಹೋಗಿ ಆ ಸ್ಲೈಡ್ ಹಾಕುತ್ತೇನೆ.